ದೂರು ಪುಸ್ತಕ

ನಮ್ಮ ದೂರು ಪುಸ್ತಕದಲ್ಲಿ ನಾಲ್ಕೇ ಕಾಲಂ:
ಲೈಟು ಹತ್ತುತ್ತಿಲ್ಲ, ಲೈಟು ಮಿಣುಕುತ್ತಿದೆ,
ತಂತಿ ಜೋತಿದೆ, ಕಂಬ ವಾಲಿದೆ.
ರಿಪ್ಪನ್‌ಪೇಟೆ ಸೆಕ್ಷನ್ನಿನಲ್ಲಿ ಹದಿನೇಳು ವರ್ಷ
ಇವಿಷ್ಟನ್ನೇ ಬರೆದು ಸಹಿ ಹಾಕಿದ್ದೇನೆ.

ಗುತ್ಯಮ್ಮ ಬಂದು ಕೌಂಟರಿನ ಮುಂದೆ ನಿಂತು
‘ಲೈಟು ಜಾಸ್ತಿ ಆತು’ ಅಂದಳು.
‘ಪಡವಲಕ್ಕೆ ಹೂ ಐತೆ, ಕಾಯಿ ಕಟ್ತಿಲ್ಲ.
ನೀವು ಆ ಬಿಳಿ ಬಲ್ಬು ಹಾಕಿದ ಮೇಲೆ ಹಿಂಗೆ.’

ನಕ್ಕೆ.
ಕರೆಂಟಿಗೂ ಪಡವಲಕ್ಕೂ ಎಲ್ಲಿಯ ನೆಂಟಸ್ತಿಕೆ?
ಬುಡಕ್ಕೆ ಬೂದಿ ಹಾಕಮ್ಮ ಅಂದೆ.
ಅವಳು ನಗಲಿಲ್ಲ.
ಸೆರಗಿನ ಗಂಟಿನಿಂದ ಒಂದು ಹೂ ಬಿಚ್ಚಿ
ಮೇಜಿನ ಮೇಲಿಟ್ಟು ಹೋದಳು.
ಬಿಳಿ ಹೂ, ಅಂಚೆಲ್ಲ ನೂಲು ಬಿಟ್ಟ ಹಾಗೆ;
ಹಗಲಲ್ಲಿ ಅದು ಮುದುಡಿದ ಕರ್ಚೀಫು, ಅಷ್ಟೆ.

ಆ ವಾರವೇ ಅವಳ ಕೇರಿಯ ಕಂಬ ಹತ್ತಬೇಕಾಯಿತು.
ರಾತ್ರಿ ಒಂಬತ್ತೂವರೆ. ಏಣಿಯ ತುದಿಯಲ್ಲಿ
ನಾನು, ನನ್ನ ಕಟಿಂಗ್ ಪ್ಲೇಯರ್,
ಮತ್ತು ಊರಿನ ಅಷ್ಟೂ ಪತಂಗ.

ಅಜ್ಜಿ ಹೇಳುತ್ತಿದ್ದಳು, ಹುಳಕ್ಕೆ ದೀಪವೆಂದರೆ ಪ್ರಾಣ,
ಪ್ರೀತಿಗೆ ಸುಟ್ಟುಕೊಳ್ಳುತ್ತದೆ ಎಂದು.
ಮದುವೆಗೆ ಮೊದಲು ಒಂದು ಕಾಗದದಲ್ಲಿ
ನಾನೂ ಹಾಗೆ ಬರೆದವನೇ.
ಹತ್ತಿರದಿಂದ ನೋಡಿದರೆ ಪ್ರೀತಿಯ ಲಕ್ಷಣ ಒಂದೂ ಇಲ್ಲ.
ಅವು ಬಲ್ಬಿಗೆ ಮುಖ ಕೊಡುವುದಿಲ್ಲ,
ಬೆನ್ನು ಕೊಡುತ್ತವೆ.
ಬೆಳಕಿದ್ದ ಕಡೆ ಆಕಾಶ ಎಂದು ನಂಬಿದ ಬೆನ್ನು.
ಲಕ್ಷಾಂತರ ವರ್ಷ ಆ ನಂಬಿಕೆ ಸುಳ್ಳಾಗಿರಲಿಲ್ಲ.
ಈಗ ಆಕಾಶ ಪಕ್ಕಕ್ಕೆ ಬಂದು ನಿಂತಿದೆ,
ಎಪ್ಪತ್ತು ವ್ಯಾಟಿನದು;
ಅದಕ್ಕೆ ಬೆನ್ನು ಕೊಡಲು ವಾಲಿ, ಮತ್ತೆ ವಾಲಿ,
ಗಾಣದ ಎತ್ತಿನ ಸುತ್ತು.

ಒಂದು ನನ್ನ ಹೆಲ್ಮೆಟ್ಟಿನ ಮೇಲೆ ಕೂತಿತು.
ಅಂಗೈ ಅಗಲ, ಬಾಳೆಸುಳಿಯ ಬಣ್ಣ, ಹಿಂದೆ ಎರಡು ಬಾಲ.
ಅದಕ್ಕೆ ಬಾಯಿಲ್ಲ ಎಂದು ಆಮೇಲೆ
ಹೈಸ್ಕೂಲಿನ ಸಿಸಿಲಿಯಾ ಟೀಚರ್ ಹೇಳಿದರು.
ಹುಳವಾಗಿದ್ದಾಗ ಉಂಡದ್ದೇ ಊಟ,
ರೆಕ್ಕೆ ಬಂದ ಮೇಲೆ ಒಂದು ವಾರ, ಜೊತೆ ಹುಡುಕಲು.
ಆ ವಾರದಲ್ಲಿ ಎರಡು ರಾತ್ರಿ ನನ್ನ ಕಂಬಕ್ಕೇ ಖರ್ಚು.
ಬಾಯಿಲ್ಲದ್ದು ಯಾವ ಕೌಂಟರಿಗೆ ಬಂದು ನಿಲ್ಲಬೇಕು?

ಮೇಲಿಂದ ಗುತ್ಯಮ್ಮನ ಚಪ್ಪರ ಕಾಣುತ್ತಿತ್ತು.
ಹೂವೆಲ್ಲ ಬಿಚ್ಚಿ ಕೂತಿದ್ದವು,
ಎಲೆ ಹಾಕಿ, ನೀರಿಟ್ಟು,
ಬಾಗಿಲು ನೋಡುತ್ತಿರುವ ಮನೆಯ ಹಾಗೆ.
ಉಣ್ಣಬೇಕಾದವರು ಇಲ್ಲಿ, ನನ್ನ ಕಿವಿಯ ಸುತ್ತ,
ಸೊಂಡಿಲು ಸುರುಳಿ ಸುತ್ತಿಕೊಂಡು,
ಬರಿಹೊಟ್ಟೆಯಲ್ಲಿ.

ದೀಪದ ಬುಡದಲ್ಲಿ ಕತ್ತಲೆ ಅನ್ನುತ್ತಾರೆ.
ನಮ್ಮ ದೀಪದ ಬುಡದಲ್ಲಿ ಬೆಳಿಗ್ಗೆ ಬರೀ ರೆಕ್ಕೆ.
ಪಿಕಳಾರಗಳು ಆರಕ್ಕೇ ಹಾಜರು. ಅವಕ್ಕೆ ಹಬ್ಬ.
ಆಮೇಲೆ? ಮೊಟ್ಟೆಯಿಡುವ ಮೊದಲೇ ತಾಯಿ ಮುಗಿದರೆ
ಮುಂದಿನ ತಿಂಗಳು ಎಲೆ ಮೇಲೆ ಕಂಬಳಿಹುಳ ಎಲ್ಲಿ,
ಗೂಡಿನ ಮರಿಯ ಬಾಯಿಗೆ ತುತ್ತೆಲ್ಲಿ?
ಇದು ನನ್ನ ಲೆಕ್ಕ ಅಲ್ಲ, ಟೀಚರದು.
ನನ್ನದು ಮೀಟರಿನ ಲೆಕ್ಕ ಮಾತ್ರ.

ಆರಿಸಿಬಿಡಲು ಆಗುವುದಿಲ್ಲ.
ಹತ್ತು ಗಂಟೆಯ ಬಸ್ಸಿಗೆ ನರ್ಸ್ ಮುಮ್ತಾಜ್ ಇಳಿಯುತ್ತಾಳೆ;
ಹೋದ ವರ್ಷ ಅದೇ ತಿರುವಿನಲ್ಲಿ ಕೊಳಕುಮಂಡಲ.
ಒಂದು ಎಣ್ಣೆ ಡಬ್ಬ ಸೀಳಿ, ಬಗ್ಗಿಸಿ,
ಬಲ್ಬಿಗೆ ಟೋಪಿ ಮಾಡಿದೆ,
ಬೆಳಕು ದಾರಿಗೆ ಬೀಳಲಿ, ಚಪ್ಪರಕ್ಕೆ ಬೇಡ ಎಂದು.
ಬಿಳಿ ತೆಗೆದು ಹಳದಿ ಹಾಕಿದೆ.
ಪುಸ್ತಕದಲ್ಲಿ ಬರೆದೆ:
ಕಂಬ ವಾಲಿತ್ತು. ಸರಿಪಡಿಸಿದೆ.

ಎಲ್ಲ ಸರಿಹೋಗಲಿಲ್ಲ. ಆಚೆಯ ಪೆಟ್ರೋಲ್ ಬಂಕು
ಇನ್ನೂ ಬೆಳಗಿನವರೆಗೆ ಹಗಲು.
ಆದರೂ ಚೌತಿಯ ಹೊತ್ತಿಗೆ
ಗುತ್ಯಮ್ಮ ಒಂದು ಪಡವಲಕಾಯಿ ತಂದು ಮೇಜಿನ ಮೇಲಿಟ್ಟಳು.
ನೆಟ್ಟಗೆ ಬೆಳೆಯಲೆಂದು
ತುದಿಗೆ ಕಟ್ಟಿದ ಕಲ್ಲು ಹಾಗೇ ಇತ್ತು.
‘ಕಲ್ಲು ವಾಪಸ್ ಕೊಡು,’ ಅಂದಳು,
‘ಇನ್ನೆರಡು ಸೊಟ್ಟ ಆಗ್ತಾ ಅದಾವೆ.’